ಸಾಲದ ವರದಿಯಲ್ಲಿ ಲಿಪಿಕಾರದೋಷ

ಗ್ರಂಥಸಂಪಾದನೆಯ ತರಗತಿಯಲ್ಲಿ ಪ್ರತಿವರ್ಷ ಹೇಳುವ ಮಾತೊಂದಿದೆ: ದೋಷ ಕಂಡೊಡನೆ ತಿದ್ದಲು ಹೊರಡಬೇಡಿ, ಅದು ಮಾತೃಪ್ರತಿಯದೋ, ನಕಲು ಮಾಡಿದವನದೋ ಎಂದು ಮೊದಲು ನಿರ್ಣಯಿಸಿರಿ. ಕಳೆದ ವರ್ಷ ಮಗಳ ಶಿಕ್ಷಣ ಸಾಲಕ್ಕೆ ಸಹಸಾಲಗಾರನಾಗಿ ರುಜು ಹಾಕಲು ಹೋದಾಗ ಈ ಪಾಠ ನನಗೇ ಬೇಕಾಯಿತು. ನನ್ನ ಹೆಸರಿನಲ್ಲಿ ಮೋಟರ್‌ಸೈಕಲ್ ಸಾಲವೊಂದು ಥಕಬಾಕಿಯಿದೆ, ‘ಸಿಬಿಲ್’ ಸರಿಯಿಲ್ಲ ಎಂದು ಬ್ಯಾಂಕಿನವರು ಅರ್ಜಿಯನ್ನು ಹಿಂದಿರುಗಿಸಿದರು. ನಾನಾದರೋ ಸೈಕಲ್ಲಿಗಿಂತ ವೇಗದ ವಾಹನವನ್ನು ಇಂದಿಗೂ ನಡೆಸಿದವನಲ್ಲ.

ಜನರು ‘ಸಿಬಿಲ್’ ಎಂದು ಒಂದೇ ಹೆಸರಿನಿಂದ ಕರೆದರೂ ಇಂತಹ ವರದಿ ಕೊಡುವ ಕಂಪನಿಗಳು ನಮ್ಮ ದೇಶದಲ್ಲಿ ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಇವು ತಾವಾಗಿ ಏನನ್ನೂ ಬರೆಯುವುದಿಲ್ಲ. ಬ್ಯಾಂಕುಗಳು ಕಳಿಸಿದ ವಿವರಗಳನ್ನು ಒಬ್ಬೊಬ್ಬರ ಹೆಸರಿನಡಿ ಕೂಡಿಸಿ, 300ರಿಂದ 900ರೊಳಗೆ ಅಂಕ ಕೊಡುತ್ತವೆ. ಕಂತು ಕಟ್ಟಿದರೂ ಜಮೆಯಾಗದಿದ್ದರೆ ಅದು ಬ್ಯಾಂಕಿನ, ಅಂದರೆ ಮಾತೃಪ್ರತಿಯ ದೋಷ. ಅನ್ಯರ ಸಾಲ ನಮ್ಮ ಹೆಸರಿನಡಿ ಬಂದರೆ ಅದು ಕೂಡಿಸಿದವರ ದೋಷವಾಗಿರಬಹುದು.

ನಮ್ಮ ಸೊಲ್ಲಾಪುರ, ಅಕ್ಕಲಕೋಟ ಸೀಮೆಯಲ್ಲಿ ಈ ಎರಡನೆಯದಕ್ಕೆ ಆಸ್ಪದ ಹೆಚ್ಚು. ಊರೂರಿಗೆ ಸಿದ್ಧರಾಮರೂ ಮಲ್ಲಿನಾಥರೂ ಇದ್ದಾರೆ. ಕನ್ನಡ ಶಾಲೆಯ ದಾಖಲೆಯಲ್ಲಿ ಸಿದ್ಧರಾಮನಾದವನು ಮರಾಠಿ ರೇಷನ್ ಕಾರ್ಡಿನಲ್ಲಿ ಸಿದ್ರಾಮ, ಬ್ಯಾಂಕಿನ ಇಂಗ್ಲಿಷಿನಲ್ಲಿ ಮತ್ತೊಂದು. ಅದರ ಮೇಲೆ, ನಮ್ಮ ತಲೆಮಾರಿನ ಅನೇಕರ ಜನ್ಮದಿನಾಂಕ ಜೂನ್ 1. ತಾಯಿಗೆ ತಿಥಿ ನೆನಪಿರದಾಗ ಗುರುಗಳು ಬರೆದುಕೊಂಡ ದಿನವದು. ನನ್ನ ಪ್ರಸಂಗದಲ್ಲಿ ಹೆಸರೂ ಕೂಡಿತು, ಜೂನ್ 1 ಕೂಡ ಕೂಡಿತು. ಆ ಇನ್ನೊಬ್ಬರ ಸಾಲಪತ್ರದಲ್ಲಿ ಪ್ಯಾನ್ ಸಂಖ್ಯೆಯೇ ಇರಲಿಲ್ಲ.

ತಿದ್ದಿಸುವ ಹಕ್ಕು 2005ರ ಕಾಯ್ದೆಯಿಂದ ಬಂದದ್ದು. ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಾಲ್ಕನ್ನೂ ತರಿಸಿರಿ, ಏಕೆಂದರೆ ಒಂದರಲ್ಲಿರುವ ತಪ್ಪು ಇನ್ನೊಂದರಲ್ಲಿ ಇರಲೇಬೇಕೆಂದಿಲ್ಲ. ಓದುವಾಗ ಶಬ್ದಾರ್ಥದ ಕಡೆಗೆ ಲಕ್ಷ್ಯವಿರಲಿ. ‘ಸೆಟಲ್ಡ್’ ಎಂಬುದನ್ನು ನಮ್ಮವರು ‘ಸಾಲ ತೀರಿತು’ ಎಂದು ತಿಳಿದು ಸಂತೋಷಪಡುತ್ತಾರೆ. ಕೊಡಬೇಕಾದದ್ದಕ್ಕಿಂತ ಕಡಿಮೆ ಪಡೆದು ಬ್ಯಾಂಕು ಲೆಕ್ಕ ಮುಗಿಸಿತು ಎಂಬುದು ಅದರ ಅರ್ಥ. ಮುಂದೆ ಸಾಲ ಕೊಡುವವರು ಅದನ್ನು ಕಳಂಕವೆಂದೇ ಎಣಿಸುತ್ತಾರೆ. ಪೂರ್ತಿ ಕಟ್ಟಿದವರಿಗೆ ಇರಬೇಕಾದ ಶಬ್ದ ‘ಕ್ಲೋಸ್ಡ್’. ಗೆಳೆಯನಿಗೆ ಜಾಮೀನು ನಿಂತ ಸಾಲವೂ ನಿಮ್ಮ ವರದಿಯಲ್ಲಿ ಕಾಣುತ್ತದೆ, ಅದು ತಪ್ಪಲ್ಲ.

ತಕರಾರನ್ನು ಕಂಪನಿಯ ಜಾಲತಾಣದಲ್ಲಿ ಸಲ್ಲಿಸಬಹುದು, ಅಂಚೆಯಲ್ಲೂ ಕಳಿಸಬಹುದು. ವರದಿಯ ಸಂಖ್ಯೆ, ತಪ್ಪಾದ ಖಾತೆ, ಸರಿಯಾದ ಪಾಠ ಯಾವುದು, ಅದಕ್ಕೆ ಆಧಾರವೇನು, ಇಷ್ಟು ಸ್ಪಷ್ಟವಾಗಿರಬೇಕು. ಸಾಲ ಕಟ್ಟಿದ್ದರೆ ಬೇಬಾಕಿ ಪತ್ರ, ಅನ್ಯರದಾಗಿದ್ದರೆ ಪ್ಯಾನ್ ಕಾರ್ಡಿನ ಪ್ರತಿ ಲಗತ್ತಿಸಿರಿ. ಬ್ಯಾಂಕು ಒಪ್ಪದೆ ಕಂಪನಿ ಅಕ್ಷರವನ್ನೂ ಬದಲಿಸುವುದಿಲ್ಲವಾದ್ದರಿಂದ ಅದೇ ದಿನ ಬ್ಯಾಂಕಿಗೂ ಬರೆದು ಪೋಚ್ ಪಡೆಯಿರಿ. ತಿಳಿಸಿದ 21 ದಿನಗಳೊಳಗೆ ಬ್ಯಾಂಕು ತಿದ್ದುಪಡಿಯನ್ನು ಕಳಿಸಬೇಕು. ಒಟ್ಟು 30 ದಿನಗಳಲ್ಲಿ ತಕರಾರು ಮುಗಿಯಬೇಕು. ಅದನ್ನು ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ದೂರುದಾರನಿಗೆ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆಗಲೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಅಲ್ಲಿ ಶುಲ್ಕವಿಲ್ಲ. ಹಣ ಕೊಟ್ಟರೆ ಅಂಕ ಏರಿಸುತ್ತೇವೆನ್ನುವ ದಲ್ಲಾಳಿಗಳ ಮಾತಿಗೆ ಮರುಳಾಗಬೇಡಿರಿ. ನಿಜವಾದ ಬಾಕಿಯನ್ನು ಯಾರೂ ಅಳಿಸಲಾರರು. ಸುಳ್ಳು ಬಾಕಿಯನ್ನು ಅಳಿಸಲು ದಲ್ಲಾಳಿ ಬೇಕಿಲ್ಲ.

ನನ್ನ ವರದಿ 26ನೆಯ ದಿನ ಶುದ್ಧವಾಯಿತು. ಅಷ್ಟರಲ್ಲಿ ಕಾಲೇಜಿನ ಮೊದಲ ಕಂತಿನ ಗಡುವು ಮೀರಿ, ಭಾವನವರಿಂದ ಕೈಗಡ ತಂದು ಶುಲ್ಕ ಕಟ್ಟಬೇಕಾಗಿ ಬಂತು. ಬರುವ ಜೂನ್‌ನಲ್ಲಿ ಎಂ.ಎ., ಬಿ.ಎಡ್.ಗೆ ಸಾಲ ಕೇಳಲಿರುವವರು ಮಾರ್ಚಿನಲ್ಲೇ ವರದಿ ತರಿಸಿಕೊಳ್ಳಿರಿ. ಸಹಸಾಲಗಾರರಾಗುವ ತಂದೆಯವರದನ್ನೂ ಮರೆಯಬೇಡಿ. ಶನಿವಾರ ಮಧ್ಯಾಹ್ನ ವಿಭಾಗಕ್ಕೆ ತಂದರೆ ಕೂಡಿ ಕುಳಿತು ಓದೋಣ.