ಗುಳಿಗೆಯೊಳಗಿನ ಸಹವಾಸ

ಅಪಸ್ಮಾರದಿಂದ ನರಳುವವರು ಕೈವಾರದಲ್ಲಾಗಲಿ ಚಿಂತಾಮಣಿಯಲ್ಲಾಗಲಿ ಔಷಧದಂಗಡಿಯಿಂದ ಕೊಂಡೊಯ್ಯುವ ಕಾರ್ಬಮಜೆಪೀನ್ ಗುಳಿಗೆಗೆ ತೇವವೇ ಶತ್ರು. ಆರ್ದ್ರತೆಗೆ ಸಿಕ್ಕಿದ ಅದರ ಸ್ಫಟಿಕಗಳು ನೀರಿನ ಅಣುಗಳನ್ನು ತಮ್ಮ ರಚನೆಯೊಳಗೇ ಸೇರಿಸಿಕೊಂಡು, ಉದರದಲ್ಲಿ ಸುಲಭವಾಗಿ ಕರಗಲೊಲ್ಲದೆ, ನಿಯಮ ತಪ್ಪದೆ ಔಷಧ ಸೇವಿಸಿದವನನ್ನೂ ರೋಗದ ವಶಕ್ಕೆ ಬಿಟ್ಟುಕೊಡಬಹುದು. ಔಷಧದ ಅಣು ಅವಿಕೃತವಾಗಿಯೇ ಉಳಿದಿರುವಾಗಲೂ ಅಣುಗಳ ಸನ್ನಿವೇಶ ಮಾತ್ರದಿಂದ ಇಂತಹ ಅನರ್ಥವೊದಗುವುದೆಂಬುದು ನನಗೆ ಬಹಳ ಗಂಭೀರವಾದ ಸಂಗತಿಯಾಗಿ ತೋರುತ್ತದೆ.

ಇದಕ್ಕೆ ರಸಾಯನಜ್ಞರು ಕಂಡುಕೊಂಡ ಉಪಾಯಗಳಲ್ಲೊಂದು ಸಹಸ್ಫಟಿಕ. ಔಷಧದ ಅಣುವಿನೊಡನೆ ನಿರಪಾಯವಾದ ಬೇರೊಂದು ಅಣುವನ್ನು ನಿಯತ ಪ್ರಮಾಣದಲ್ಲಿ ಕೂಡಿಸಿ, ಎರಡೂ ಒಂದೇ ಸ್ಫಟಿಕದಲ್ಲಿ ನೆಲೆಸುವಂತೆ ಮಾಡುವುದೇ ಇದರ ಮರ್ಮ. ಕಾರ್ಬಮಜೆಪೀನಿಗೆ ಸ್ಯಾಕರಿನ್ ಅಂತಹ ಸಂಗಾತಿ: ಔಷಧದ ಎರಡೆರಡು ಅಣುಗಳು ಜೋಡಿಯಾಗಿ ನಿಲ್ಲುತ್ತವೆ, ಆ ಜೋಡಿಯ ಹೊರಬದಿಗೆ ಸ್ಯಾಕರಿನ್ ಅಣುಗಳು ಜಲಜನಕಬಂಧದಿಂದ ಅಂಟಿಕೊಳ್ಳುತ್ತವೆ, ತೇವದ ಉಪದ್ರವ ಕಡಿಮೆಯಾಗುತ್ತದೆ. ಸಹಸ್ಫಟಿಕವೇನೂ ಹೊಸದಲ್ಲ, ವೋಲರನು ಕ್ವಿನ್‌ಹೈಡ್ರೋನನ್ನು ವರ್ಣಿಸಿದ್ದು 1844ರಲ್ಲಿ. ಆದರೆ ಯಾವ ಅಣು ಯಾವುದರ ಕೈ ಹಿಡಿಯುವುದೆಂಬುದನ್ನು ಮುಂಚಿತವಾಗಿ ಊಹಿಸುವ ಶಾಸ್ತ್ರಕ್ಕೆ 1989ರ ಗ್ರಂಥದಿಂದ ರೂಪ ಕೊಟ್ಟವರಲ್ಲಿ ಅಗ್ರಗಣ್ಯರಾದ ಗೌತಮ್ ದೇಸಿರಾಜು ಅವರು 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಎರಡು ಅಣುಗಳು ಕೂಡಿದವೋ ಇಲ್ಲವೋ ಎಂಬುದಕ್ಕೆ ರೋಹಿತವೇ ಸಾಕ್ಷಿ. ಕಾರ್ಬನ್ ಆಕ್ಸಿಜನ್‌ಗಳ ನಡುವಣ ದ್ವಿಬಂಧವು ಅವಕೆಂಪು ಕಿರಣವನ್ನು ಸೆಂಟಿಮೀಟರಿಗೆ ಸುಮಾರು 1700 ಅಲೆಗಳ ಆಸುಪಾಸಿನಲ್ಲಿ ಹೀರುತ್ತದೆ. ಜಲಜನಕಬಂಧ ಒದಗಿದೊಡನೆ ಅದು ಬಿಗಿ ಸಡಿಲಿದ ತಂಬೂರಿಯ ತಂತಿಯಂತೆ ಕೆಳಗಿನ ಸ್ಥಾನಕ್ಕೆ ಇಳಿಯುತ್ತದೆ. ಹೆಸರಿನ ಮೊದಲಿಗೇ ಚಿಂತಾಮಣಿಯನ್ನು ಹೊತ್ತ ಸಿ. ಎನ್. ಆರ್. ರಾವ್ ಅವರು ಅವಕೆಂಪು ರೋಹಿತದ ರಾಸಾಯನಿಕ ಪ್ರಯೋಜನಗಳನ್ನು ಕುರಿತು 1963ರಲ್ಲೇ ಗ್ರಂಥ ರಚಿಸಿದ್ದರು. ಇನ್ನೊಂದು ಸಾಕ್ಷಿ ಚದುರಿದ ಬೆಳಕಿನದು: ಸಿ. ವಿ. ರಾಮನ್ ಅವರು ಅದರಲ್ಲಿ ಕಂಡ ನೂತನ ವಿಕಿರಣವನ್ನು ಬೆಂಗಳೂರಿನ ವಿದ್ವತ್ಸಭೆಯಲ್ಲಿ ವಿವರಿಸಿದ್ದು 1928ರ ಮಾರ್ಚ್ 16ರಂದು. ಅದೇ ಮಾನದಲ್ಲಿ 200ಕ್ಕಿಂತ ಕೆಳಗಿರುವ ಆ ವಿಕಿರಣದ ರೇಖೆಗಳಲ್ಲಿ ಇಡೀ ಸ್ಫಟಿಕಜಾಲದ ತೂಗಾಟವೇ ಗೋಚರಿಸುವುದರಿಂದ, ಹೊಸ ಜಾಲವೊಂದು ಹುಟ್ಟಿತೆಂಬುದಕ್ಕೆ ಅದು ಅತಿ ಸೂಕ್ಷ್ಮವಾದ ಪ್ರಮಾಣ.

ಆದರೆ ಯಾವ ರೇಖೆ ಯಾವ ಚಲನೆಯದೆಂದು ರೋಹಿತ ತಾನಾಗಿ ಹೇಳದು. ಅದಕ್ಕೆಂದೇ ವಾಲ್ಟರ್ ಕೋನ್ ಅವರಿಗೆ 1998ರ ನೊಬೆಲ್ ತಂದ ಇಲೆಕ್ಟ್ರಾನ್ ಸಾಂದ್ರತೆಯ ಸಿದ್ಧಾಂತವನ್ನು ಅನುಸರಿಸಿ ಗಣಕಯಂತ್ರದಲ್ಲಿ ಕಂಪನಗಳನ್ನು ಲೆಕ್ಕಹಾಕುವರು. ಲೆಕ್ಕದ ಸಂಖ್ಯೆಗಳು ಸಾಮಾನ್ಯವಾಗಿ ಹೆಚ್ಚಾಗಿಯೇ ಬರುವುದರಿಂದ 0.96ರ ಸಮೀಪದ ಗುಣಕದಿಂದ ಅವನ್ನು ತಗ್ಗಿಸುವ ಪದ್ಧತಿಯುಂಟು. ಎರಡೇ ಅಣುಗಳನ್ನು ಶೂನ್ಯದಲ್ಲಿ ನಿಲ್ಲಿಸಿ ಮಾಡಿದ ಗಣನೆಯನ್ನು, ಸುತ್ತಲೂ ನೆರೆಯವರಿಂದ ಕಿಕ್ಕಿರಿದ ಸ್ಫಟಿಕದ ರೋಹಿತದೊಡನೆ ಹೋಲಿಸಿ ತೃಪ್ತರಾಗುವ ಅಭ್ಯಾಸವನ್ನು ಮಾತ್ರ ನಾನು ಒಪ್ಪಲಾರೆ; ನೆರೆಯ ಅಣುಗಳನ್ನೂ ಗಣನೆಗೆ ಸೇರಿಸಲೇಬೇಕು.

ಆಮ್ಲವೊಂದು ಜೊತೆಗಾರನಾದಾಗ ಈ ಎಚ್ಚರ ಇನ್ನೂ ಅಗತ್ಯ. ಅದರ ಪ್ರೋಟಾನು ಸ್ವಸ್ಥಾನದಲ್ಲಿದ್ದರೆ ಸಹಸ್ಫಟಿಕ, ಔಷಧದ ಕಡೆಗೆ ದಾಟಿದ್ದರೆ ಲವಣ. 1700ರ ರೇಖೆ ಅಳಿದು 1600ರ ಕೆಳಗೊಂದು, 1400ರ ಬಳಿಯೊಂದು ಮೂಡಿದರೆ ದಾಟಿತೆಂದೇ ತಿಳಿಯಬೇಕು. ಕೆಲವು ಸ್ಫಟಿಕಗಳಲ್ಲಿ ಅದು ಎರಡರ ನಡುವೆಯೇ ನಿಂತು ಉಷ್ಣತೆಗೆ ತಕ್ಕಂತೆ ಅತ್ತಿತ್ತ ಸರಿಯುವುದರಿಂದ, ಸ್ಫಟಿಕವನ್ನು ತಂಪುಗೊಳಿಸಿ ರೋಹಿತವನ್ನು ಮತ್ತೊಮ್ಮೆ ತೆಗೆಯಬೇಕಾಗುತ್ತದೆ.