ಸ್ಥೌಲ್ಯಚಿಕಿತ್ಸೆಯಲ್ಲಿ ‘ಗುರು’, ‘ಅತರ್ಪಣ’ ಎಂಬ ಪದಗಳ ಅರ್ಥ

ಭಾರವೆತ್ತುವ ಅಭ್ಯಾಸಿಗಳು ಮೇದಸ್ಸನ್ನು ಕರಗಿಸಲೆಂದು ಒಮ್ಮೆಗೇ ಉಪವಾಸಕ್ಕೆ ತೊಡಗುವುದುಂಟು. ಆಗ ಮೇದಸ್ಸಿನೊಡನೆ ಮಾಂಸವೂ ಕ್ಷಯಿಸಿ ಎತ್ತುವ ಬಲವೇ ಕುಂದುವುದು. ಹಾಗಾದರೆ ಉಣ್ಣಬೇಕೋ, ಬಿಡಬೇಕೋ?

ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಸ್ಥೂಲನಿಗೆ ವಿಧಿಸುವ ಆಹಾರವು ‘ಗುರು’ವೂ ‘ಅತರ್ಪಣ’ವೂ ಆದುದು. ಮೇಲುನೋಟಕ್ಕೆ ಇವು ಪರಸ್ಪರ ವಿರುದ್ಧವೆಂದು ತೋರುವುವು. ಸ್ಥೂಲನ ಜಠರಾಗ್ನಿಯು ತೀಕ್ಷ್ಣವಾದುದರಿಂದ ಗುರುವಾದ ಅನ್ನವು ಅದನ್ನು ತಣಿಸುವುದು, ಅತರ್ಪಣವಾದುದರಿಂದ ಮೇದಸ್ಸನ್ನು ತಗ್ಗಿಸುವುದು ಎಂಬುದು ವ್ಯಾಖ್ಯಾನಕಾರನಾದ ಚಕ್ರಪಾಣಿದತ್ತನ ಸಮನ್ವಯ. ಅತರ್ಪಣವೆಂದರೆ ಅನಶನವಲ್ಲ. ಅಲ್ಲಿ ಜವೆ, ಹಾರಕ, ಹೆಸರು, ಹುರುಳಿಗಳ ಪರಿಗಣನೆಯೇ ಇದೆ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಉಂಟಷ್ಟೆ. ಮೇದಸ್ಸು ಇಳಿಯುವಾಗ ಮಾಂಸವನ್ನು ಕಾಯುವುದು ಅದೂ, ಬಿಡದೆ ನಡೆಸಿದ ಭಾರಸಾಧನೆಯೂ ಎಂದು ಇಂದಿನ ಶರೀರವಿಜ್ಞಾನದ ಮತ.

ಸ್ಥೌಲ್ಯವನ್ನು ತಗ್ಗಿಸುವುದರಲ್ಲಿ ವ್ಯಾಯಾಮಕ್ಕೆ ಎಣೆಯಿಲ್ಲವೆಂದ ಸುಶ್ರುತನು (ಚಿಕಿತ್ಸಾಸ್ಥಾನ, 24) ಅದಕ್ಕೆ ಬಲದ ಅರ್ಧವನ್ನು ಮಿತಿಯಾಗಿಟ್ಟನು. ಇದು ತೂಕದ ಅರ್ಧವಲ್ಲ. ಹೃದಯದಲ್ಲಿರುವ ವಾಯುವು ಬಾಯಿಗೆ ಬರುವುದು, ಎಂದರೆ ಏದುಸಿರು, ಅದರ ಲಕ್ಷಣವೆಂದು ಅವನೇ ವಿವರಿಸಿರುವನು. ವ್ಯಾಯಾಮವನ್ನು ‘ಕ್ರಮೇಣ’ ಹೆಚ್ಚಿಸಬೇಕೆಂದು ಚರಕನ ಮಾತು. ಅದೇ ಶ್ಲೋಕದಲ್ಲಿ ಜಾಗರಣೆಯನ್ನೂ ಸೇರಿಸಿರುವನು. ಅದೊಂದನ್ನು ಮಾತ್ರ ಇಂದಿನ ವೈದ್ಯರು ಒಪ್ಪಲಾರರು.