ಸಮಾಜದ ಯಾದಿ ಯಾರ ಕೈಗೆ?

ದೂಧಗಂಗೆಯ ತೀರದ ಸದಲಗಾದಂತಹ ಊರಿನಲ್ಲಿ ಯಾರ ಮನೆ ಎಲ್ಲಿದೆ ಎಂಬುದು ಗುಟ್ಟಲ್ಲ. ಅಪರಿಚಿತರು ವಿಚಾರಿಸಿದರೆ ಓಣಿಯ ಮಕ್ಕಳೇ ಬಾಗಿಲವರೆಗೆ ಕರೆತರುತ್ತಾರೆ. ಆದರೆ ಹಾಗೆ ಬಂದವರ ಮುಖವನ್ನು ಹತ್ತು ಜನ ನೋಡಿರುತ್ತಾರೆ. ಯಾದಿಯಲ್ಲಿ ಅಚ್ಚಾದ ಮೊಬೈಲ್ ಸಂಖ್ಯೆಯನ್ನೋ ಇ-ಮೇಲ್ ವಿಳಾಸವನ್ನೋ ಹಿಡಿದು ಬರುವವನ ಮುಖವನ್ನು ಯಾರೂ ಕಾಣರು. ಸದಸ್ಯರ ಕೈಪಿಡಿ, ದೇಣಿಗೆದಾರರ ಯಾದಿ, ವಧು-ವರರ ಪುಸ್ತಿಕೆಗಳನ್ನು ಸಿದ್ಧಪಡಿಸುವ ಹಿರಿಯರು ಈ ಅಂತರವನ್ನು ಗಮನಿಸುವುದು ಅವಶ್ಯವಾಗಿದೆ.

ಬೇಡದ ಇ-ಮೇಲಿನ ಇತಿಹಾಸವೇ ಒಂದು ಮುದ್ರಿತ ಕೈಪಿಡಿಯಿಂದ ಆರಂಭವಾಯಿತು. 1978ರ ಮೇ ತಿಂಗಳಲ್ಲಿ ಅಮೇರಿಕೆಯ ಗಣಕಯಂತ್ರ ಸಂಸ್ಥೆಯೊಂದರ ಮಾರಾಟ ಅಧಿಕಾರಿ ಗ್ಯಾರಿ ಥ್ಯೂರ್ಕ್ ಎಂಬವರು, ಅರ್ಪಾನೆಟ್ ಬಳಕೆದಾರರ ಕೈಪಿಡಿಯಿಂದ ಆಯ್ದ ಸುಮಾರು 400 ವಿಳಾಸಗಳಿಗೆ ತಮ್ಮ ಯಂತ್ರಗಳ ಪ್ರಚಾರಪತ್ರವನ್ನು ಒಮ್ಮೆಲೇ ಕಳುಹಿಸಿದರು. ವಿಳಾಸಗಳು ಮೇಲ್ಭಾಗದಲ್ಲಿ ಹಿಡಿಸದೆ ಪತ್ರದ ಒಡಲಿಗೇ ಹರಿದುಬಂದಿದ್ದವು! ಪರಸ್ಪರ ಸಂಪರ್ಕಕ್ಕೆಂದು ಸಿದ್ಧವಾದ ಯಾದಿ ವ್ಯಾಪಾರಕ್ಕೆ ಬಳಕೆಯಾಯಿತು.

ನಮ್ಮಲ್ಲಿ ಹೆಚ್ಚು ಚಿಂತಿಸಬೇಕಾದದ್ದು ವಧು-ವರರ ಪುಸ್ತಿಕೆಯ ಕುರಿತು. ಕನ್ಯೆಯ ಭಾವಚಿತ್ರ, ಜನ್ಮದಿನಾಂಕ, ಉದ್ಯೋಗ, ತಂದೆಯ ಮೊಬೈಲ್ ಸಂಖ್ಯೆ ಎಲ್ಲವೂ ಒಂದೇ ಪುಟದಲ್ಲಿರುತ್ತವೆ. ಹಿಂದೆ ಆ ಪುಸ್ತಿಕೆ ಕೆಲವು ಮನೆಗಳ ಕಪಾಟಿನಲ್ಲಿಯೇ ಉಳಿಯುತ್ತಿತ್ತು. ಇಂದು ಅದರ ಪುಟ ವಾಟ್ಸ್ಯಾಪ್ ಮೂಲಕ ಕ್ಷಣಾರ್ಧದಲ್ಲಿ ಕೊಲ್ಲಾಪುರ, ಪುಣೆಗಳನ್ನು ದಾಟುತ್ತದೆ. ಮಗಳ ಮದುವೆಯಾಗಿ ಬಾಣಂತನ ಮುಗಿದರೂ, ‘ಉತ್ತಮ ಸಂಬಂಧವಿದೆ, ನೋಂದಣಿ ಶುಲ್ಕ ಕಳುಹಿಸಿರಿ’ ಎಂಬ ಸಂದೇಶಗಳು ನಿಲ್ಲುವುದಿಲ್ಲ.

ಹಿಂದೆ ಪತ್ರಿಕೆಗಳು ವಿವಾಹ ಜಾಹೀರಾತಿಗೆ ಪೆಟ್ಟಿಗೆ ಸಂಖ್ಯೆಯೊಂದನ್ನು ನೀಡುತ್ತಿದ್ದವು. ಪತ್ರಗಳು ಮೊದಲು ಕಚೇರಿಗೆ ಬಂದು, ಅಲ್ಲಿಂದ ಮನೆಗೆ ತಲುಪುತ್ತಿದ್ದವು. ಆ ಪದ್ಧತಿಯನ್ನು ಮರಳಿ ತರುವುದೇ ಲೇಸು. ಪುಸ್ತಿಕೆಯಲ್ಲಿ ಕ್ರಮಸಂಖ್ಯೆ ಮಾತ್ರ ಇರಲಿ. ಕೇಳಿದವರ ಪೂರ್ವಾಪರವನ್ನು ಸಂಘದ ಹಿರಿಯರು ವಿಚಾರಿಸಿ, ಮನೆಯವರ ಒಪ್ಪಿಗೆ ಪಡೆದು, ಸಂಖ್ಯೆ ಕೊಡಲಿ. ತುಸು ಹೆಚ್ಚಿನ ಕೆಲಸ ನಿಜ. ಆದರೆ ಸಂಬಂಧ ಕೂಡಿಸುವ ಹಿರಿಯರು ಮೊದಲಿನಿಂದಲೂ ಮಾಡುತ್ತ ಬಂದದ್ದು ಇದನ್ನೇ ಅಲ್ಲವೇ?

ಕಾನೂನೂ ಇದೇ ದಾರಿಯಲ್ಲಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಒಪ್ಪಿಗೆಯ ತತ್ವವನ್ನು ಮುಂದಿಟ್ಟಿದ್ದು, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂ ಅವಕಾಶವಿತ್ತಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು.

ಕಾರ್ಯದರ್ಶಿಗಳಿಗೆ ಇನ್ನೆರಡು ಮಾತು. ಎಲ್ಲರಿಗೂ ಇ-ಮೇಲ್ ಕಳುಹಿಸುವಾಗ ವಿಳಾಸಗಳನ್ನು ‘ಬಿಸಿಸಿ’ ಎಂಬ ಸಾಲಿನಲ್ಲಿ ಬರೆದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ. ವಾಟ್ಸ್ಯಾಪ್ ಗುಂಪಿನಲ್ಲಿ ಸಂಖ್ಯೆಗಳು ಪರಸ್ಪರ ಕಾಣಿಸುತ್ತವೆ. ‘ಬ್ರಾಡ್‌ಕಾಸ್ಟ್’ ಯಾದಿಯಲ್ಲಿ ಕಾಣಿಸವು, ಆದರೆ ಸದಸ್ಯರು ಕಾರ್ಯದರ್ಶಿಗಳ ಸಂಖ್ಯೆಯನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡಿರಬೇಕು. ವ್ಯಾಪಾರದ ಕರೆಗಳನ್ನು ತಡೆಯಲು 1909ರಲ್ಲಿ ನೋಂದಾಯಿಸಬಹುದು. ಅದು ಇ-ಮೇಲಿಗೆ ಅನ್ವಯಿಸದು. ಹಣ ಕಳೆದುಕೊಂಡಿದ್ದರೆ ಮಾತ್ರ ತಡಮಾಡದೆ 1930ಕ್ಕೆ ಕರೆಮಾಡಬೇಕು.